ಸಮಪಾಲು ಸರಿಪಾಲೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಲ ದಾವಣಗೆರೆ ಮತ್ತು ಚಿತ್ರದುರ್ಗ ಸೀಮೆಯಿಂದ ಬಂದ ಪತ್ರಗಳು

ಪ್ರಶ್ನೆ: ನಾವು ಮೂವರು ಒಂದೇ ಎಂಜಿನಿಯರಿಂಗ್ ಕಾಲೇಜಿನವರು. ಮೆಕ್ಕೆಜೋಳದ ತೇವಾಂಶ ಅಳೆದು ಫೋನಿಗೆ ಕಳಿಸುವ ಸಣ್ಣ ಯಂತ್ರ ಮಾಡಿದ್ದೇವೆ. ಒಬ್ಬ ಬೆಂಗಳೂರಿನ ಕೆಲಸ ಬಿಟ್ಟು ಬಂದು ಸಾಫ್ಟ್‌ವೇರ್ ಬರೆಯುತ್ತಿದ್ದಾನೆ. ನಾನು ಪೂರ್ತಿ ಹೊತ್ತು ಎಪಿಎಂಸಿ ವರ್ತಕರ ಹತ್ತಿರ ಮಾರಾಟ ನೋಡಿಕೊಳ್ಳುತ್ತೇನೆ. ಮೂರನೆಯವನು 6 ಲಕ್ಷ ಹಾಕಿದ್ದಾನೆ, ನೌಕರಿ ಬಿಟ್ಟಿಲ್ಲ, ಶನಿವಾರ ಬರುತ್ತಾನೆ. ಮೂವರಿಗೂ ಸಮಪಾಲು ಅಂದುಕೊಂಡಿದ್ದೆವು. ಈಗ ಕಸಿವಿಸಿ ಶುರುವಾಗಿದೆ.
— ವಿದ್ಯಾನಗರ, ದಾವಣಗೆರೆ

ಉತ್ತರ: ಕಸಿವಿಸಿ ಈಗಲೇ ಶುರುವಾಗಿದ್ದು ಒಳ್ಳೆಯದೇ ಆಯಿತು. ದುಡ್ಡು ಬಂದಮೇಲೆ ಶುರುವಾಗಿದ್ದರೆ ಲಾಭ ವಕೀಲರಿಗೆ. ಮಂಡಿಯಲ್ಲಿ ತೇವಾಂಶ ಶೇ 14 ದಾಟಿದರೆ ದರ ಕಡಿಯುತ್ತಾರೆ ಎಂದು ನಿಮಗೆ ಹೇಳಬೇಕಿಲ್ಲ. ಪಾಲಿನ ಲೆಕ್ಕದಲ್ಲೂ ಗೆಳೆತನದ ತೇವಾಂಶ ಕಳೆದೇ ಕಾಳು ತೂಗಬೇಕು.

ನಿಮ್ಮಲ್ಲಿ ದುಡ್ಡು ಮತ್ತು ದುಡಿಮೆ ಒಂದೇ ಚೀಲಕ್ಕೆ ಬಿದ್ದಿವೆ. ಮೊದಲು ಬೇರ್ಪಡಿಸಿ. 6 ಲಕ್ಷವನ್ನು ಸಾಲವಾಗಿ ಬರೆದುಕೊಳ್ಳಿ. ಆ ಗೆಳೆಯ ನಿರ್ದೇಶಕನಾಗಿದ್ದರೆ ಪ್ರೈವೇಟ್ ಕಂಪನಿ ಅವನಿಂದ ಸಾಲ ಪಡೆಯಬಹುದು, ಅದು ಠೇವಣಿ ಎನಿಸಿಕೊಳ್ಳುವುದಿಲ್ಲ. 'ಈ ಹಣ ನಾನು ಬೇರೆಯವರಿಂದ ಸಾಲ ತಂದದ್ದಲ್ಲ' ಎಂಬ ಲಿಖಿತ ಘೋಷಣೆ ಕಡ್ಡಾಯ. ಕನ್ವರ್ಟಿಬಲ್ ನೋಟ್ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರ) ಮಾಡಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದಕ್ಕೆ ಸ್ಟಾರ್ಟಪ್ ಮಾನ್ಯತೆ ಬೇಕು, ಒಬ್ಬರೇ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಕೊಡಬೇಕು.

ಉಳಿದದ್ದು ದುಡಿಮೆ. ಇದಕ್ಕೆ ನಾವು ಬಳಸುವ ಅಳತೆ, ಬಿಟ್ಟುಕೊಟ್ಟ ಸಂಬಳ. ಸಾಫ್ಟ್‌ವೇರ್‌ನವರಿಗೆ ಹೊರಗೆ 90,000 ಸಿಗುತ್ತದೆ, ಇಲ್ಲಿ 25,000 ತೆಗೆದುಕೊಳ್ಳುತ್ತಾರೆ ಎನ್ನೋಣ. ತಿಂಗಳಿಗೆ ಬಿಟ್ಟಿದ್ದು 65,000. ನಿಮಗೆ ಹೊರಗೆ 45,000, ಇಲ್ಲಿ 15,000, ಬಿಟ್ಟಿದ್ದು 30,000. ಶನಿವಾರದವರದು ತಿಂಗಳಿಗೆ 35 ಗಂಟೆ, ಗಂಟೆಗೆ 400ರಂತೆ 14,000. ಒಟ್ಟು 1,09,000. ಪಾಲು ಸುಮಾರು 60, 27, 13 ಬರುತ್ತದೆ.

ಇದನ್ನೇ ತೀರ್ಪು ಎಂದುಕೊಳ್ಳಬೇಡಿ. ಈ ಲೆಕ್ಕ ಬೆಂಗಳೂರಿನ ಸಂಬಳಕ್ಕೆ ತಲೆಬಾಗುತ್ತದೆ. ದಾವಣಗೆರೆಯ ವರ್ತಕರು ನಿಮ್ಮ ಮುಖ ನೋಡಿ ಯಂತ್ರ ತೆಗೆದುಕೊಳ್ಳುತ್ತಿದ್ದರೆ, ನೀವು ಹೋದ ದಿನ ಮಾರಾಟ ನಿಲ್ಲುತ್ತದೆ. ಹಾಗಾಗಿ ನಿಮ್ಮ ಅಂಕಿ ಮೇಲೆ ಬರಬೇಕು. ಒಂದು ಹಂಚಿಕೆ ಹೀಗಿರಬಹುದು: ಅಧಿಕೃತ ಬಂಡವಾಳ 1 ಲಕ್ಷ, 10 ರೂಪಾಯಿ ಮುಖಬೆಲೆಯ 10,000 ಷೇರು. ಮುಂದೆ ಬರುವ ನೌಕರರಿಗಾಗಿ 1,000 ಷೇರು ಹಂಚದೆ ಉಳಿಸಿ. ಉಳಿದ 9,000ದಲ್ಲಿ ಸಾಫ್ಟ್‌ವೇರ್‌ನವರಿಗೆ 4,400, ನಿಮಗೆ 3,300, ಶನಿವಾರದವರಿಗೆ 1,300.

4,400 ಏಕೆ, ದುಂಡಗೆ 4,500 ಏಕಲ್ಲ? 9,000ದಲ್ಲಿ 4,500 ಎಂದರೆ ಸರಿಯಾಗಿ ಅರ್ಧ. ಸಾಮಾನ್ಯ ಠರಾವಿಗೆ ಪರ ಮತ ವಿರುದ್ಧ ಮತಕ್ಕಿಂತ ಹೆಚ್ಚಿರಬೇಕು. ಅರ್ಧ ಇರುವವರು ಒಬ್ಬರೇ ಗೆಲ್ಲಲಾರರು, ಎದುರಿನ ಇಬ್ಬರು ಸೇರಿದರೂ ಗೆಲ್ಲಲಾರರು, ಗಾಡಿ ಅಲ್ಲೇ ನಿಲ್ಲುತ್ತದೆ. 4,400 ಇದ್ದರೆ ಯಾವ ಇಬ್ಬರು ಕೂಡಿದರೂ ಬಹುಮತ. ಇನ್ನು ಆರ್ಟಿಕಲ್ಸ್ (ಕಂಪನಿಯ ಒಳ ನಿಯಮಾವಳಿ) ತಿದ್ದುಪಡಿಯಂಥ ವಿಶೇಷ ಠರಾವಿಗೆ ಮುಕ್ಕಾಲು ಪಾಲು, ಅಂದರೆ ಎಲ್ಲರೂ ಮತ ಹಾಕಿದರೆ 6,750 ಬೇಕು. ಪೂರ್ತಿ ಹೊತ್ತು ದುಡಿಯುವ ನೀವಿಬ್ಬರೂ ಒಪ್ಪದೆ ಅದು ಆಗದು. ಒಂದು ಸೂಕ್ಷ್ಮ ಗಮನಿಸಿ: ಸಾಮಾನ್ಯ ಠರಾವಿನಲ್ಲಿ ಶೇ 14ರ ಶನಿವಾರದ ಗೆಳೆಯ ನಿಮ್ಮಿಬ್ಬರ ನಡುವೆ ತಕ್ಕಡಿಯ ಮುಳ್ಳಾಗುತ್ತಾನೆ. ನಿರ್ದೇಶಕರನ್ನು ತೆಗೆಯುವುದಕ್ಕೂ ಸಾಮಾನ್ಯ ಠರಾವು ಸಾಕು. ಇದನ್ನು ತಿಳಿದೇ ಒಪ್ಪಿ.

ಪಾಲಿನ ಅಂಕಿಗಿಂತ ದೊಡ್ಡ ಮಾತು ವೆಸ್ಟಿಂಗ್. ಷೇರು ಕೊಡುವುದು ಮಾಡಿದ ಕೆಲಸಕ್ಕಲ್ಲ, ಇನ್ನು ನಾಲ್ಕು ವರ್ಷ ಮಾಡಬೇಕಾದ ಕೆಲಸಕ್ಕೆ. ಷೇರು ಮೊದಲ ದಿನವೇ ಹೆಸರಿಗೆ ಬರುತ್ತದೆ, ಆದರೆ ಕೆಲಸ ಮಾಡುತ್ತಾ ಮಾಡುತ್ತಾ ಸ್ವಂತವಾಗುತ್ತದೆ. ಮೊದಲ ವರ್ಷ ತುಂಬುವ ಮುನ್ನ ಹೋದರೆ ಏನೂ ಇಲ್ಲ. ವರ್ಷ ತುಂಬಿದ ದಿನ ಕಾಲುಭಾಗ, ಆಮೇಲೆ ಮೂರು ತಿಂಗಳಿಗೊಮ್ಮೆ ಹದಿನಾರನೇ ಒಂದು ಪಾಲು. 4,400 ಇರುವವರು 18 ತಿಂಗಳಿಗೆ ಬಿಟ್ಟರೆ 1,650 ಅವರದು, 2,750 ವಾಪಸ್.

ವಾಪಸ್ ಯಾರಿಗೆ ಎಂಬಲ್ಲಿ ಜನ ಎಡವುತ್ತಾರೆ. 'ಕಂಪನಿಗೆ' ಎಂದು ಬರೆದರೆ ಕಂಪನಿ ಕಾಯ್ದೆಯ 68ನೇ ಕಲಂ ಅಡ್ಡ ಬರುತ್ತದೆ: ಮರುಖರೀದಿಗೆ ಮುಕ್ತ ಮೀಸಲು (ಕೂಡಿಟ್ಟ ಲಾಭ), ಷೇರು ಪ್ರೀಮಿಯಂ (ಮುಖಬೆಲೆಗಿಂತ ಹೆಚ್ಚಾಗಿ ಬಂದ ಹಣ) ಅಥವಾ ಬೇರೆ ಬಗೆಯ ಷೇರು ಮಾರಿದ ಹಣ ಇರಬೇಕು, ಮಿತಿ ಬೇರೆ ಇದೆ. ನಷ್ಟದಲ್ಲಿರುವ ಹೊಸ ಕಂಪನಿಗೆ ಅದೆಲ್ಲಿಂದ? ಉಳಿದ ಸ್ಥಾಪಕರಿಗೆ ಮುಖಬೆಲೆಗೆ ವರ್ಗಾಯಿಸಬೇಕು ಎಂದು ಬರೆಯಿರಿ. ಎಸ್‌ಎಚ್-4 ಎಂಬ ಷೇರು ವರ್ಗಾವಣೆ ನಮೂನೆ ಸಾಕು, ಸ್ಟಾಂಪ್ ಶುಲ್ಕ ನೂರು ರೂಪಾಯಿಗೆ ಒಂದೂವರೆ ಪೈಸೆ. ದಿನಾಂಕ ಹಾಕದ ಎಸ್‌ಎಚ್-4ಕ್ಕೆ ಮೊದಲೇ ಸಹಿ ಹಾಕಿಸಿಟ್ಟುಕೊಳ್ಳುವ ರೂಢಿ ಇದೆ. ನಮಗದು ಹಿಡಿಸದು, ಮುಖ್ತ್ಯಾರ್ ಪತ್ರ ಮೇಲು. ಷೇರಿನ ನ್ಯಾಯಬೆಲೆ ಏರಿದ ಮೇಲೆ 10 ರೂಪಾಯಿಗೆ ಪಡೆದರೆ, ವ್ಯತ್ಯಾಸ 50,000 ದಾಟಿದಾಗ ಪಡೆದವರಿಗೆ ತೆರಿಗೆ ಬೀಳುತ್ತದೆ ಎಂಬುದೂ ನೆನಪಿರಲಿ.

ಇವನ್ನೆಲ್ಲ ಒಪ್ಪಂದದಲ್ಲಿ ಬರೆದು ಬೀರುವಿನಲ್ಲಿಟ್ಟರೆ ಸಾಲದು, ಆರ್ಟಿಕಲ್ಸ್‌ನಲ್ಲೂ ಸೇರಿಸಿ. ಆರ್ಟಿಕಲ್ಸ್‌ನಲ್ಲಿ ಇಲ್ಲದ ವರ್ಗಾವಣೆ ನಿರ್ಬಂಧ ಕಂಪನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟಿಹಾಕದು ಎಂದು ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ನಾನೂ ನನ್ನ ಭಾವಮೈದುನನೂ ಶೇಂಗಾ ಗಾಣದೆಣ್ಣೆ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಅವನ ಬಂಡವಾಳ ಹೆಚ್ಚು, ಗಾಣ ನೋಡಿಕೊಳ್ಳುವುದು ನಾನೇ. ಪತ್ರ ಏನೂ ಮಾಡಿಲ್ಲ. ಈಗ ಪ್ರೈವೇಟ್ ಲಿಮಿಟೆಡ್ ಮಾಡಿ 50-50 ಇಡೋಣ ಅಂತಿದ್ದಾನೆ.
— ಚಳ್ಳಕೆರೆ

ಉತ್ತರ: ಪತ್ರ ಇಲ್ಲವೆಂದರೆ ನಿಮ್ಮ ಪತ್ರವನ್ನು 1932ರ ಪಾಲುದಾರಿಕೆ ಕಾಯ್ದೆಯೇ ಬರೆದಿಟ್ಟಿದೆ, ಅದರ 13ನೇ ಕಲಂ ಓದಿ. ಲಾಭ-ನಷ್ಟ ಸಮ. ದುಡಿಯುವ ಪಾಲುದಾರನಿಗೆ ಸಂಬಳ ಇಲ್ಲ. ಬಂಡವಾಳಕ್ಕೆ ಬಡ್ಡಿಯೂ ಇಲ್ಲ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚು ಹಾಕಿದ್ದರೆ ಆ ಹೆಚ್ಚುವರಿಗೆ ಮಾತ್ರ ಶೇ 6. ಅಂದರೆ ಇಬ್ಬರಿಗೂ ಅನ್ಯಾಯ, ಅದೂ ಸಮವಾಗಿ. ಕಂಪನಿಗೆ ಬದಲಾಗುವ ಮುನ್ನ ಇಲ್ಲಿಯವರೆಗಿನ ಲೆಕ್ಕ ಚುಕ್ತಾ ಮಾಡಿ ಇಬ್ಬರೂ ಸಹಿ ಹಾಕಿ.

50-50 ತಪ್ಪಲ್ಲ, ಬೀಗ ತೆಗೆಯುವ ಕೀಲಿ ಇಲ್ಲದ 50-50 ತಪ್ಪು. ಮಂಡಳಿಯಲ್ಲಿ ಅಧ್ಯಕ್ಷರಿಗೆ ನಿರ್ಣಾಯಕ ಮತ ಇಡಬಹುದು. ಕಾಯ್ದೆಯ ಮಾದರಿ ಆರ್ಟಿಕಲ್ಸ್‌ನಲ್ಲಿ ಅದು ಇದ್ದೇ ಇದೆ, ಓದದೆ ಒಪ್ಪಿಕೊಂಡವರು ಅಧ್ಯಕ್ಷರಾದವರ ಕೈಗೆ ಸಿಕ್ಕಿಬೀಳುತ್ತಾರೆ. ಇನ್ನೊಂದು ದಾರಿ: ಒಬ್ಬ ಬೆಲೆ ಹೇಳಬೇಕು, ಆ ಬೆಲೆಗೆ ಕೊಳ್ಳುವುದೋ ಮಾರುವುದೋ ಎಂದು ಇನ್ನೊಬ್ಬ ಆರಿಸಬೇಕು. ಅಣ್ಣ ರೊಟ್ಟಿ ಮುರಿದು ತಮ್ಮ ಆರಿಸಿದ ಹಾಗೆ. ಕೇಳಲು ಚಂದ, ಆದರೆ ಕೈಯಲ್ಲಿ ದುಡ್ಡಿರುವವನ ಪರ. ನಿಮ್ಮಲ್ಲಿ ದುಡ್ಡಿರುವುದು ಅವರ ಹತ್ತಿರ, ಆದ್ದರಿಂದ ಕೊಳ್ಳುವವರು ಆರು ತಿಂಗಳ ಕಂತಿನಲ್ಲಿ ಹಣ ಕಟ್ಟಬಹುದು ಎಂದು ಸೇರಿಸಿ.

ಪ್ರಶ್ನೆ: ಮೊಳಕಾಲ್ಮೂರು ರೇಷ್ಮೆ ಸೀರೆಯ ಆನ್‌ಲೈನ್ ವ್ಯಾಪಾರಕ್ಕೆ ಸೋದರಮಾವ 10 ಲಕ್ಷ ಕೊಡುತ್ತಾರೆ, ಶೇ 40 ಕೇಳುತ್ತಾರೆ. ನಾವು ಇಬ್ಬರು ಸ್ಥಾಪಕರು.
— ಮೊಳಕಾಲ್ಮೂರು

ಉತ್ತರ: 10 ಲಕ್ಷಕ್ಕೆ ಶೇ 40 ಎಂದರೆ ಹಣ ಸೇರಿದ ಮೇಲೆ ಕಂಪನಿಯ ಬೆಲೆ 25 ಲಕ್ಷ. ನೀವಿಬ್ಬರು ತಲಾ 30. ಮುಂದೆ ಹೂಡಿಕೆದಾರರಿಗೆ ಶೇ 15 ಕೊಟ್ಟರೆ ನೀವು 25.5, ಮಾವ 34. ನೌಕರರಿಗೆ ಮತ್ತೆ ಶೇ 10 ತೆಗೆದಿಟ್ಟರೆ ನೀವು 23ಕ್ಕೆ ಇಳಿಯುತ್ತೀರಿ, ಮಾವ 30.6. ದುಡಿಯುವವರಿಗಿಂತ ದುಡಿಯದವರ ಪಾಲು ದೊಡ್ಡದಿದ್ದರೆ ಮುಂದಿನ ಹೂಡಿಕೆದಾರರು ಪಟ್ಟಿ ನೋಡಿದೊಡನೆ ಎದ್ದುಹೋಗುತ್ತಾರೆ. ನಮ್ಮ ಮಟ್ಟಿಗೆ 15ರಿಂದ 20 ಮೇಲ್ಮಿತಿ.

'ಹಾಗಾದರೆ ಸಾಲವಾಗಿ ಕೊಡುತ್ತೇನೆ' ಎಂದು ಮಾವ ಅಂದರೆ ಜೋಪಾನ. ನಿರ್ದೇಶಕರ ಬಂಧುಗಳಿಂದ ಪ್ರೈವೇಟ್ ಕಂಪನಿ ಸಾಲ ಪಡೆಯಬಹುದು, ಸರಿ. ಆದರೆ ಕಂಪನಿ ಕಾಯ್ದೆಯ ಬಂಧುಗಳ ಪಟ್ಟಿಯಲ್ಲಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಸೊಸೆ, ಅಳಿಯ, ಒಡಹುಟ್ಟಿದವರು ಇದ್ದಾರೆ, ಸೋದರಮಾವ ಇಲ್ಲ! ಮಾವ ನಿಮಗೆ ಸಾಲ ಕೊಟ್ಟು, ನೀವು ನಿರ್ದೇಶಕರಾಗಿ ಅದೇ ಹಣವನ್ನು ಕಂಪನಿಗೆ ಕೊಡುವಂತೆಯೂ ಇಲ್ಲ, 'ಸಾಲ ತಂದ ಹಣವಲ್ಲ' ಎಂಬ ಘೋಷಣೆ ಸುಳ್ಳಾಗುತ್ತದೆ. ತಮಾಷೆಯೆಂದರೆ ಆದಾಯ ತೆರಿಗೆಯವರಿಗೆ ಸೋದರಮಾವ ಬಂಧುವೇ. ಅವರು ನಿಮಗೆ ದಾನವಾಗಿ ಕೊಟ್ಟರೆ ತೆರಿಗೆ ಇಲ್ಲ, ಆ ಹಣ ನಿಮ್ಮದು, ಕಂಪನಿಗೆ ಸಾಲ ಕೊಡಬಹುದು. ಆದರೆ ದಾನ ಎಂದರೆ ದಾನ, ಮಾವ ವಾಪಸ್ ಕೇಳುವಂತಿಲ್ಲ. ಶೇ 40 ಕೇಳಿದವರು ಅದಕ್ಕೆ ಒಪ್ಪುವರೇ?

ಉಳಿದದ್ದು ಷೇರು. ಹೀಗೆ ಆಯ್ದವರಿಗೆ ಷೇರು ಕೊಡುವ ಖಾಸಗಿ ಹಂಚಿಕೆಗೆ ನೋಂದಾಯಿತ ಮೌಲ್ಯಮಾಪಕರ ವರದಿ, ವಿಶೇಷ ಠರಾವು, ಪಿಎಎಸ್-4 ಎಂಬ ನೀಡಿಕೆ ಪತ್ರ, ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ಹಂಚಿದ 15 ದಿನದೊಳಗೆ ಪಿಎಎಸ್-3 ಎಂಬ ಹಂಚಿಕೆ ವಿವರ ಸಲ್ಲಿಸಬೇಕು, ಅಲ್ಲಿಯವರೆಗೆ ಆ ಹಣ ಮುಟ್ಟುವಂತಿಲ್ಲ. ನೇಕಾರರಿಗೆ ಮುಂಗಡ ಕೊಡುವ ಆತುರದಲ್ಲಿ ಇಲ್ಲೇ ತಪ್ಪುತ್ತಾರೆ.

ಪ್ರಶ್ನೆ: ದಾಳಿಂಬೆ ತೋಟಗಳಿಗೆ ಹನಿ ನೀರಾವರಿ ನಿಯಂತ್ರಕ ಮಾಡುವ ಕಂಪನಿ ನಮ್ಮದು. ಶೇ 30 ಇರುವ ಜೊತೆಗಾರ ಎಂಟು ತಿಂಗಳಿಗೇ ಬಿಟ್ಟುಹೋದ. ವೆಸ್ಟಿಂಗ್ ಬರೆದಿರಲಿಲ್ಲ. ಫೋನ್ ಎತ್ತುವುದಿಲ್ಲ. ಪ್ರತಿಸ್ಪರ್ಧಿ ಕಂಪನಿಗೂ ಸೇರಿದ್ದಾನೆ.
— ಹಿರಿಯೂರು

ಉತ್ತರ: ಪೂರ್ತಿ ಹಣ ಕಟ್ಟಿದ ಷೇರನ್ನು ಮುಟ್ಟುಗೋಲು ಹಾಕುವಂತಿಲ್ಲ. ಆದ್ದರಿಂದ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಆತ ನಿಜವಾಗಿ ಹಣ ಕಟ್ಟಿದ್ದನೇ ನೋಡಿ. ಕಟ್ಟಿರದಿದ್ದರೆ ತೊಡಕು ಅವನೊಬ್ಬನದಲ್ಲ: ನೋಂದಣಿಯಾದ 180 ದಿನದೊಳಗೆ 'ಎಲ್ಲರೂ ಹಣ ಕಟ್ಟಿದ್ದಾರೆ' ಎಂದು ಐಎನ್‌ಸಿ-20ಎ ಸಲ್ಲಿಸಿದವರು ನೀವೇ.

ಕಟ್ಟಿದ್ದರೆ ಬೆಲೆ ಕೊಟ್ಟು ಕೊಳ್ಳುವುದೇ ಅಗ್ಗ. ಒಪ್ಪದಿದ್ದರೆ ಹಕ್ಕಿನ ಷೇರು ಹೊರಡಿಸಿ. ಇದಕ್ಕೆ ಮಂಡಳಿಯ ಠರಾವು ಸಾಕು, ಶೇ 30 ಇಟ್ಟುಕೊಂಡು ಆತ ವಿಶೇಷ ಠರಾವು ತಡೆದಂತೆ ಇದನ್ನು ತಡೆಯಲಾರ. 10,000 ಷೇರಿನಲ್ಲಿ ಅವನದು 3,000 ಎನ್ನಿ. ಇನ್ನೂ 10,000ವನ್ನು ಎಲ್ಲರಿಗೂ ಅವರವರ ಪ್ರಮಾಣದಲ್ಲಿ ನೀಡಿಕೆ ಮಾಡಿ. ಆತ ಕೊಳ್ಳದೆ, ಆ ಪಾಲನ್ನೂ ನೀವೇ ಕೊಂಡರೆ 20,000ದಲ್ಲಿ ಅವನದು 3,000, ಶೇ 15. ನೀಡಿಕೆ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ವಾಟ್ಸ್ಆ್ಯಪ್ ನಂಬಬೇಡಿ. ಕಂಪನಿಗೆ ಹಣ ನಿಜವಾಗಿ ಬೇಕಿರಬೇಕು, ಬೆಲೆ ನ್ಯಾಯವಾಗಿರಬೇಕು. ಅವನನ್ನು ಹಿಂಡುವುದಕ್ಕೆಂದೇ 10 ರೂಪಾಯಿಗೆ ಹೊರಡಿಸಿದರೆ ದಬ್ಬಾಳಿಕೆ ಎಂದು ಆತ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ಹತ್ತನೇ ಒಂದು ಪಾಲು ಇದ್ದವರಿಗೆ ಆ ಹಕ್ಕಿದೆ.

ಪ್ರತಿಸ್ಪರ್ಧಿಯ ಬಳಿ ಕೆಲಸ ಮಾಡುವುದನ್ನು ತಡೆಯುವುದು ಕಷ್ಟ. ಬಿಟ್ಟುಹೋದ ಮೇಲೂ ದುಡಿಮೆಗೆ ಬೇಲಿ ಹಾಕುವ ಷರತ್ತು ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಶೂನ್ಯ. ನಿಮ್ಮ ಸರ್ಕ್ಯೂಟ್ ನಕ್ಷೆ ಒಯ್ದಿದ್ದರೆ ಅದು ಬೇರೆ ಕೇಸು.

ಪ್ರಶ್ನೆ: ಐಡಿಯಾ ನನ್ನದು. ಶೇ 51 ಕೇಳಿದರೆ ತಪ್ಪೇ?
— ದಾವಣಗೆರೆ

ಉತ್ತರ: ಬೆಣ್ಣೆ ದೋಸೆಯ ಐಡಿಯಾ ಇಡೀ ಊರಿಗೆ ಗೊತ್ತು. ಗಿರಾಕಿ ಬರುವುದು ಬೆಳಿಗ್ಗೆ ಹೆಂಚಿನ ಮುಂದೆ ನಿಲ್ಲುವವರ ಹತ್ತಿರ. ಐಡಿಯಾಕ್ಕೆ ಹೆಚ್ಚೆಂದರೆ ಶೇ 5 ಇಟ್ಟು, ಉಳಿದದ್ದನ್ನು ದುಡಿಮೆಯ ಮೇಲೆ ಕೇಳಿ.

ಪ್ರಶ್ನೆ: ಕಂಪನಿ ನೋಂದಣಿಗೆ ಒಂದು ವರ್ಷ ಮೊದಲೇ ಆ್ಯಪ್ ಬರೆದದ್ದು ನನ್ನ ಪಾಲುದಾರ. ಅದು ಕಂಪನಿಯದ್ದೇ ತಾನೆ?
— ಚಿತ್ರದುರ್ಗ

ಉತ್ತರ: ಅಲ್ಲ. ಕೋಡ್ ಕೃತಿಸ್ವಾಮ್ಯದ ವಸ್ತು, ಬರೆದವರೇ ಮೊದಲ ಒಡೆಯರು. ನೌಕರಿಯಲ್ಲಿದ್ದಾಗ ನೌಕರಿಯ ಭಾಗವಾಗಿ ಬರೆದಿದ್ದರೆ ಮಾಲೀಕರದು, ಆದರೆ ಆಗ ನಿಮ್ಮ ಕಂಪನಿಯೇ ಹುಟ್ಟಿರಲಿಲ್ಲ. ಆ ವರ್ಷ ಅವರು ಬೇರೆಲ್ಲಾದರೂ ಕೆಲಸದಲ್ಲಿದ್ದರೆ, ಅಲ್ಲಿನ ಒಪ್ಪಂದ ಏನೆನ್ನುತ್ತದೆ ಎಂಬುದನ್ನೂ ಓದಬೇಕು.

ಷೇರು ಹಂಚುವ ದಿನವೇ ಹಸ್ತಾಂತರ ಪತ್ರ ಬರೆಸಿ, ಸಹಿ ಹಾಕಿಸಿ. ಅದರಲ್ಲಿ ಮೂರು ಮಾತು ಬಿಡಬೇಡಿ. ಅವಧಿ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಹಸ್ತಾಂತರ ಬಿದ್ದುಹೋಗುತ್ತದೆ, ಹಾಗಾಗದು ಎಂದು ಪತ್ರದಲ್ಲೇ ಬರೆದಿರಬೇಕು. ಅದೇ ಸಂಜೆ ಗಿಟ್‌ಹಬ್, ಪ್ಲೇಸ್ಟೋರ್, ಡೊಮೇನ್ ಖಾತೆಗಳನ್ನು ಅವರ ಸ್ವಂತ ಜಿಮೇಲ್‌ನಿಂದ ಕಂಪನಿಯ ಇಮೇಲ್‌ಗೆ ಬದಲಿಸಿ. ಒಟಿಪಿ ಹೋಗುವ ಮೊಬೈಲ್ ನಂಬರ್ ಬದಲಿಸುವುದನ್ನು ಹೆಚ್ಚಿನವರು ಮರೆಯುತ್ತಾರೆ.