ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ?

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಸೈನ್ಸೇ ಬೇಕು ಅಂತಾಳೆ. ಎರಡು ಕಾಲೇಜು ನೋಡಿ ಬಂದೆವು. ಒಂದು ಕಡೆ ಬೆಳಿಗ್ಗೆಯಿಂದ ಸಂಜೆವರೆಗೆ ನೀಟ್, ಸಿಇಟಿ ಕೋಚಿಂಗ್. ಪ್ರಾಕ್ಟಿಕಲ್ ಎಲ್ಲ ಪರೀಕ್ಷೆಗೆ ಮುಂಚೆ ಹದಿನೈದು ದಿನದಲ್ಲಿ ಮುಗಿಸುತ್ತಾರಂತೆ. ಇನ್ನೊಂದು ಸರ್ಕಾರಿ ಕಾಲೇಜು, ವಾರ ವಾರ ಲ್ಯಾಬ್ ಇದೆ, ಕೋಚಿಂಗ್ ಇಲ್ಲ. ಹೇಗೂ ಮೂವತ್ತಕ್ಕೆ ಮೂವತ್ತು ಹಾಕ್ತಾರೆ, ಟೆಸ್ಟ್ ಟ್ಯೂಬ್ ಹಿಡ್ಕೊಂಡು ಟೈಮ್ ಯಾಕೆ ಹಾಳು ಅಂತಾನೆ ನಮ್ಮ ಬಾಮೈದ. ಪಿಸಿಎಂಬಿನೋ ಪಿಸಿಎಂಸಿನೋ ಅದೂ ಗೊತ್ತಾಗ್ತಿಲ್ಲ. ನಾವು ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವವರು. ನೀವೇ ಹೇಳಿ."

ಸುಲಭದ್ದು ಮೊದಲು. ಮಗಳು ಏನಾಗಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ ಎಂದರೆ ಪಿಸಿಎಂಬಿ ಕೊಡಿಸಿ. ಡಾಕ್ಟರ್ ಓದಿನ ನೀಟ್‌ಗೆ ಬಯಾಲಜಿ ಬೇಕು, ಇಂಜಿನಿಯರಿಂಗ್‌ಗೆ ಮ್ಯಾಥ್ಸ್ ಬೇಕು. ಇದರಲ್ಲಿ ಎರಡೂ ಇದೆ, ಪಿಸಿಎಂಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್. ಓದು ಜಾಸ್ತಿ, ಅದು ನಿಜ. ಬಿಎಸ್ಸಿ ಅಗ್ರಿ ಕಡೆಯೂ ಒಂದು ಕಣ್ಣಿರಲಿ. ರೈತರ ಮಕ್ಕಳ ಕೋಟಾಕ್ಕೆ ಅಲ್ಲಿ ಪ್ರಾಯೋಗಿಕ ಪರೀಕ್ಷೆಯೇ ಇದೆ. ಹಸು ಮೇಯಿಸಿದ ಹುಡುಗಿ ಅಲ್ಲಿ ಯಾರಿಗೂ ಹೆದರಬೇಕಿಲ್ಲ.

ಇನ್ನು ನಿಮ್ಮ ಬಾಮೈದ. ಅವರು ಪೂರ್ತಿ ತಪ್ಪು ಹೇಳಿಲ್ಲ. ನೀಟ್‌ನ 180 ಪ್ರಶ್ನೆಗಳಲ್ಲಿ ಪಿಪೆಟ್ ಹಿಡಿದು ತೋರಿಸು ಅಂತ ಯಾರೂ ಕೇಳಲ್ಲ. ಕೋಚಿಂಗ್‌ನಿಂದ ಸೀಟು ಸಿಕ್ಕ ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ. ಅಷ್ಟು ಒಪ್ಪಿದೆ.

ಆದರೆ ಅವರು ಸಿಲಬಸ್‌ನ ಕೊನೆ ತನಕ ಓದಿಲ್ಲ ಅನಿಸುತ್ತೆ. 2024ರ ನೀಟ್ ಸಿಲಬಸ್‌ನಲ್ಲಿ ಫಿಸಿಕ್ಸ್‌ಗೆ ಪ್ರಯೋಗದ್ದೇ ಒಂದು ಘಟಕ ಇದೆ. ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂಗೇಜ್, ಲೋಲಕ ಎಲ್ಲ ಅದರಲ್ಲಿವೆ. ಕೆಮಿಸ್ಟ್ರಿಯಲ್ಲಿ ಆಕ್ಸಾಲಿಕ್ ಆಸಿಡ್‌ಗೆ ಪರ್ಮಾಂಗನೇಟ್ ಹನಿ ಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಶನ್ ಇದೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ತಲಾ 30 ಅಂಕ ಪ್ರಾಕ್ಟಿಕಲ್ಲಿಗೇ. ಅಲ್ಲಿಗೆ 600ರಲ್ಲಿ 90 ಆಯಿತು.

ಆ ಟೈಟ್ರೇಶನ್ ಹೆಸರು ಕಂಡಾಗ ನನಗೆ ಇವತ್ತಿಗೂ ನಾಚಿಕೆ. ಪಿಯುಸಿಯಲ್ಲಿ ನಾನು ಬ್ಯೂರೆಟ್, ಅಂದರೆ ಹನಿ ಬಿಡುವ ಅಳತೆ ಕೊಳವೆ, ತಿರುಗಿಸಿ ಎರಡು ಎಂ.ಎಲ್. ದಾಟಿರಲಿಲ್ಲ, ಫ್ಲಾಸ್ಕಿನಲ್ಲಿ ಗುಲಾಬಿ ಬಣ್ಣ ನಿಂತೇಬಿಟ್ಟಿತು. ಬಣ್ಣ ನಿಂತರೆ ಮುಗಿಯಿತು ಅಂತ ಲೆಕ್ಕ. ಅಕ್ಕಪಕ್ಕದವರು ಇನ್ನೂ ಹನಿ ಬಿಡುತ್ತಿದ್ದರು. ಎಲ್ಲರಿಗಿಂತ ಮೊದಲು ಮುಗಿಸಿದೆ ಅಂತ ಒಳಗೊಳಗೇ ಖುಷಿ. ಮೇಷ್ಟ್ರು ಬಂದರು. ನನ್ನ ರೀಡಿಂಗ್ ಕಡೆ ನೋಡಲೇ ಇಲ್ಲ. ಫ್ಲಾಸ್ಕಿನ ಹೊಟ್ಟೆಗೆ ಕೈಯ ಹಿಂಬದಿ ತಾಗಿಸಿ, "ತಣ್ಣಗಿದೆಯಲ್ಲಯ್ಯ" ಅಂದರು. ಅದನ್ನು ಅರವತ್ತು ಎಪ್ಪತ್ತು ಡಿಗ್ರಿಗೆ ಬಿಸಿ ಮಾಡಬೇಕಿತ್ತು. ತಣ್ಣಗಿದ್ದರೆ ಕ್ರಿಯೆ ನಿಧಾನ, ಬಣ್ಣ ಸುಮ್ನೆ ನಿಂತು ಮೋಸ ಮಾಡುತ್ತೆ. ಅವರು ಇನ್ನೂ ಮಾತಾಡುತ್ತಿದ್ದಂತೆ ನನ್ನ ಕಣ್ಣೆದುರೇ ಗುಲಾಬಿ ಮೆಲ್ಲಗೆ ಮಾಯವಾಯಿತು. ಪುಸ್ತಕದಲ್ಲಿ ಅದು ಒಂದು ಸಾಲು. ಹದಿನೈದು ದಿನದ ಲ್ಯಾಬಿನಲ್ಲಿ ಆ ತಪ್ಪು ಮಾಡುವುದಕ್ಕೂ ಪುರುಸೊತ್ತು ಇರಲ್ಲ. ರೀಡಿಂಗ್ ಬೋರ್ಡಿನ ಮೇಲೆ ಬರೆದಿರುತ್ತೆ, ಮಕ್ಕಳು ರೆಕಾರ್ಡಿಗೆ ಇಳಿಸಿಕೊಳ್ಳುತ್ತಾರೆ.

ನೀವು ಡೈರಿಗೆ ಹಾಲು ಹಾಕುವವರು, ಇದು ನಿಮಗೆ ನಾನು ಹೇಳಬೇಕಾ? ಬೆಳಿಗ್ಗೆ ಸೆಕ್ರೆಟರಿ ಲ್ಯಾಕ್ಟೋಮೀಟರ್ ಇಟ್ಟು ಡಿಗ್ರಿ ನೋಡದೆ, ಫ್ಯಾಟ್ ತೆಗೆಯದೆ, "ಹೇಗೂ ಇಷ್ಟೇ ಬರೋದು" ಅಂತ ಬರೆದುಕೊಂಡರೆ ಒಪ್ಪುತ್ತೀರಾ? ಜಾಸ್ತಿ ಬರೆದರೆ ಒಪ್ಪುತ್ತೀರಿ ಬಿಡಿ, ನಾನೂ ಒಪ್ಪುತ್ತೇನೆ. ಕಡಿಮೆ ಬರೆದ ದಿನ ಕ್ಯಾನು ಕೆಳಗಿಟ್ಟು ಜಗಳಕ್ಕೆ ನಿಲ್ಲಲ್ವಾ? ಹಾಲಿಗೆ ಇರುವ ಹಟ ಮಗಳ ಓದಿಗೆ ಯಾಕಿಲ್ಲ ಅಂತ ನನಗೆ ಸ್ವಲ್ಪ ಸಿಟ್ಟೇ ಬಂತು. ಬೇಜಾರು ಮಾಡಿಕೊಳ್ಳಬೇಡಿ.

ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ನಮ್ಮ ಕೋಲಾರ ಜಿಲ್ಲೆಯ ಕೆಜಿಎಫ್‌ನ ಚಿನ್ನದ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ವಾತಾವರಣದಿಂದ ಬಂದ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಮೇಲಿನಿಂದ ಬೀಳುವ ಬೇರೆ ಕಣಗಳನ್ನು ಬಂಡೆ ತಡೆಯಲಿ ಅಂತ ಅಷ್ಟು ಆಳಕ್ಕೆ ಇಳಿದಿದ್ದು. ಲೋಕದ ವಿಜ್ಞಾನಿಗಳು ಲ್ಯಾಬ್ ಹುಡುಕಿಕೊಂಡು ಬಂದ ಜಿಲ್ಲೆ ಇದು. ಪಕ್ಕದ ಗೌರಿಬಿದನೂರಿನ ಎಚ್. ನರಸಿಂಹಯ್ಯನವರು ಓದಬೇಕು ಅಂತ ಬೆಂಗಳೂರಿಗೆ ನಡೆದೇ ಹೋದವರು. ಆಮೇಲೆ ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಈಗ? ಕಳೆದ ವರ್ಷ ಒಂದು ಹೈಸ್ಕೂಲಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಲ್ಯಾಬ್ ತೋರಿಸಿ ಅಂದೆ. ಬೀಗದ ಕೈ ಹುಡುಕಲು ಅರ್ಧ ಗಂಟೆ. ಒಳಗೆ ಅಕ್ಕಿ ಮೂಟೆ, ಮುರಿದ ಬೆಂಚು, ಪ್ಲಾಸ್ಟಿಕ್ ಕವರ್ ಬಿಚ್ಚದ ಮೈಕ್ರೋಸ್ಕೋಪು. ಸೀಸೆಗಳ ಚೀಟಿ ಹುಳ ತಿಂದು ಯಾವುದು ಯಾವ ಲವಣ ಅಂತಲೇ ಗೊತ್ತಾಗುತ್ತಿರಲಿಲ್ಲ. ಅದೇ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅನ್ನುವ ಲೆಕ್ಕ ಮಕ್ಕಳಿಗೆ ಬಾಯಿಪಾಠ. ಹಲ್ಲಿನ ಮೇಲೆ ಕಂದು ಕಲೆ ಇಟ್ಟುಕೊಂಡೇ ಹೇಳುತ್ತಾರೆ. ತಮ್ಮ ಮನೆಯ ಬಿಂದಿಗೆಯಿಂದ ಒಂದು ಲೋಟ ನೀರು ತಂದು ಪರೀಕ್ಷೆ ಮಾಡಿದ ಮಗು ಅಲ್ಲಿ ಒಂದೂ ಇರಲಿಲ್ಲ. ಅದಕ್ಕೆ ಬೇಕಾದ ಕಿಟ್ ಒಂದು ಸಣ್ಣ ಡಬ್ಬಿಯಲ್ಲಿ ಬರುತ್ತೆ. ಹೆದ್ದಾರಿಯ ಎರಡೂ ಕಡೆ ರ‍್ಯಾಂಕ್ ಬಂದವರ ಫೋಟೊ ಹಾಕಲು ದುಡ್ಡಿದೆ, ಇದಕ್ಕಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಮನಸ್ಸು ವಾರ ವಾರ ಲ್ಯಾಬ್ ಇರುವ ಕಾಲೇಜಿನ ಕಡೆಗೇ ಇದೆ, ಮುಚ್ಚಿಟ್ಟು ಏನು? ಸಿಇಟಿಗೆ ಸಂಜೆ ಬೇರೆ ಕಡೆ ಹೇಳಿಸಿಕೊಳ್ಳಬಹುದು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕಕ್ಕೂ ಸಿಇಟಿಗೂ ಸಮ ಪಾಲು ಅನ್ನುವುದು ಗೊತ್ತಿರಲಿ. ಆದರೆ ಸರ್ಕಾರಿ ಅಂದ ಮಾತ್ರಕ್ಕೆ ಲ್ಯಾಬ್ ನಡೆಯುತ್ತೆ ಅಂತ ನಾನು ಭರವಸೆ ಕೊಡಲಾರೆ. ಫೀಸು ಕಟ್ಟುವ ಮೊದಲು ಎರಡೂ ಕಡೆ ಇನ್ನೊಂದು ಸಲ ಹೋಗಿ, ಲ್ಯಾಬ್ ನೋಡಬೇಕು ಅನ್ನಿ. ಬೀಗದ ಕೈ ಜೇಬಿನಲ್ಲೇ ಇದ್ದರೆ ಒಳಗೆ ಹೋಗಿ. ಹುಡುಕಿ ತರಬೇಕು ಅಂದರೆ ಎದ್ದು ಬನ್ನಿ. ಒಳಗೆ ಹೋದ ಮೇಲೆ ಸಿಂಕಿನ ನಲ್ಲಿ ತಿರುಗಿಸಿ ನೋಡಲು ಮಗಳಿಗೇ ಹೇಳಿ. ಬಾಮೈದನನ್ನೂ ಕರೆದುಕೊಂಡು ಹೋಗಿ.