ನಗರಸಭೆ ಸದಸ್ಯರು ಫೋನ್ ಎತ್ತುವುದಿಲ್ಲ, ಯಾರಿಗೆ ದೂರು ಕೊಡಬೇಕು?

ನಿಮ್ಮ ಬೀದಿಯ ಚರಂಡಿ ನಾಲ್ಕು ತಿಂಗಳಿಂದ ಕಟ್ಟಿಕೊಂಡಿದೆ, ವಾರ್ಡಿನ ಸದಸ್ಯರು ಫೋನ್ ಎತ್ತುವುದಿಲ್ಲ, ಮನೆಗೆ ಹೋದರೆ ಊರಲ್ಲಿಲ್ಲ ಎನ್ನುತ್ತಾರೆ, ಹೀಗಿರುವಾಗ ಅವರ ಮೇಲೆ ಎಲ್ಲಿ ದೂರು ಕೊಡಬೇಕು, ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದರೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ನಾನು ಒಂದು ನಗರಸಭೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಟಪಾಲು ವಿಭಾಗದಲ್ಲಿದ್ದಾಗ ಇಂಥ ಅರ್ಜಿಗಳಿಗೆ ಮುದ್ರೆ ಒತ್ತಿದ ಕೈ ನನ್ನದೇ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ‘ಸದಸ್ಯರು ಸ್ಪಂದಿಸುತ್ತಿಲ್ಲ’ ಎಂಬ ದೂರನ್ನು ಹಾಗೆಯೇ ಕೊಟ್ಟರೆ ಅದು ಕಡತದಲ್ಲಿ ಸೇರಿಕೊಳ್ಳುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ.

ಏಕೆಂದರೆ ಸದಸ್ಯರು ಪೌರಾಯುಕ್ತರ ಕೈಕೆಳಗಿನ ನೌಕರರಲ್ಲ. ಕೆಲಸ ಮಾಡದ ಸಿಬ್ಬಂದಿಗೆ ಕೊಡುವಂತೆ ಅವರಿಗೆ ಕಾರಣ ಕೇಳಿ ನೋಟಿಸ್ ಕೊಡುವ ಮೇಲಧಿಕಾರಿ ಕಚೇರಿಯಲ್ಲಿ ಯಾರೂ ಇಲ್ಲ. ಕರ್ತವ್ಯದಲ್ಲಿ ದುರ್ನಡತೆ ತೋರಿದ ಸದಸ್ಯರನ್ನು ತೆಗೆದುಹಾಕಲು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದಲ್ಲಿ ಸರ್ಕಾರಕ್ಕೆ ಅವಕಾಶವಿದೆಯಾದರೂ, ಫೋನ್ ಎತ್ತಲಿಲ್ಲವೆಂಬ ಕಾರಣಕ್ಕೆ ಯಾರ ಸದಸ್ಯತ್ವವೂ ಹೋದದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ನಿಮ್ಮ ದೂರನ್ನು ಎರಡಾಗಿ ಒಡೆಯಿರಿ. ಚರಂಡಿಯ ಹೂಳು ತೆಗೆಸುವುದು ಕಚೇರಿಯ ಕೆಲಸ. ಅದಕ್ಕೆ ಆರೋಗ್ಯ ನಿರೀಕ್ಷಕರಿದ್ದಾರೆ, ಚರಂಡಿ ಕುಸಿದಿದ್ದರೆ ಎಂಜಿನಿಯರ್ ಇದ್ದಾರೆ, ಇದಕ್ಕೆ ಸದಸ್ಯರ ಶಿಫಾರಸು ಬೇಕಾಗಿಲ್ಲ. ಅರ್ಜಿಯನ್ನು ಪೌರಾಯುಕ್ತರ ಹೆಸರಿಗೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗಳ ಹೆಸರಿಗೆ ಬರೆದು, ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ಸಾಹೇಬರು ಬಂದ ಮೇಲೆ ತನ್ನಿ’ ಎಂದು ನಮ್ಮಂಥವರು ಹೇಳುವುದುಂಟು (ನಾನೂ ಹೇಳಿದ್ದೇನೆ, ಮುಚ್ಚಿಡುವುದೇಕೆ). ಆಗ ವಾದ ಮಾಡದೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬಹುದು. ಅಷ್ಟಕ್ಕೂ ಆಗದಿದ್ದರೆ ಅದೇ ಪ್ರತಿಗಳೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ.

ಸದಸ್ಯರ ಪಾಲಿನ ಹೊಣೆ ಬೇರೆ. ಸಾಮಾನ್ಯ ಸಭೆಯಲ್ಲಿ ವಾರ್ಡಿನ ವಿಷಯ ಎತ್ತುವುದು, ಹೊಸ ಚರಂಡಿಯನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸಲು ಒತ್ತಾಯಿಸುವುದು ಅವರ ಕೆಲಸ. ಅರ್ಜಿಯ ಪ್ರತಿಯನ್ನು ಅವರಿಗೂ ಅಧ್ಯಕ್ಷರಿಗೂ ಲಿಖಿತವಾಗಿ ತಲುಪಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಪ್ರಸ್ತಾಪಿಸಬೇಕೆಂದು ಅದರಲ್ಲೇ ಕೋರಿ. ನೀವು ಕರೆ ಮಾಡುತ್ತಿರುವ ಸಂಖ್ಯೆ ನಿಜಕ್ಕೂ ಸದಸ್ಯರದೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಮಹಿಳಾ ಮೀಸಲು ವಾರ್ಡುಗಳಲ್ಲಿ ಪತಿಯ ಸಂಖ್ಯೆಯೇ ಊರೆಲ್ಲ ಹಂಚಿಕೆಯಾಗಿ, ಗೆದ್ದ ಹೆಣ್ಣುಮಗಳಿಗೆ ಬೀದಿಯ ಸುದ್ದಿಯೇ ಮುಟ್ಟದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಸಭೆ ಮುಗಿದ ಬಳಿಕ ಮಾಹಿತಿ ಹಕ್ಕು ಅಧಿನಿಯಮ 2005ರಡಿ ಅರ್ಜಿ ಹಾಕಿ, ಹಿಂದಿನ ಒಂದು ವರ್ಷದ ಸಾಮಾನ್ಯ ಸಭೆಗಳ ಹಾಜರಾತಿ ಮತ್ತು ನಡಾವಳಿಯ ಪ್ರತಿಗಳನ್ನು ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗಿರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ನಾನಿದ್ದ ಕಚೇರಿಯಲ್ಲಿ ಒಂದು ಬೀದಿಯವರು ಹೀಗೆಯೇ ನಡಾವಳಿ ಪಡೆದರು. ಅವರ ಸದಸ್ಯರು ಎಲ್ಲ ಸಭೆಗಳಿಗೂ ಸಹಿ ಹಾಕಿದ್ದರು, ವಾರ್ಡಿನ ಹೆಸರು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಬೀದಿಯವರು ಜಗಳಕ್ಕೆ ಹೋಗಲಿಲ್ಲ. ಆ ಹಾಳೆಗಳನ್ನು ಸದಸ್ಯರ ಮುಂದಿಟ್ಟು, ಮುಂದಿನ ಸಭೆ ಯಾವಾಗ ಎಂದಷ್ಟೇ ಕೇಳಿದರು. ಆ ಸಭೆಯ ನಡಾವಳಿಯಲ್ಲಿ ಅವರ ಬೀದಿಯ ಹೆಸರು ಬಂತು.

ಕೆಲಸ ಮಾಡಿಸಿಕೊಡಲು ಯಾರಾದರೂ ಹಣ ಕೇಳಿದರೆ ಅದು ಬೇರೆಯೇ ವಿಷಯ, ಅದಕ್ಕೆ ಲೋಕಾಯುಕ್ತವಿದೆ. ಸದಸ್ಯರ ಅವಧಿಯೇ ಮುಗಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ; ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದಿದ್ದಾಗಲೂ ಜನ ಹಳೆಯ ಕಾರ್ಪೊರೇಟರುಗಳ ಮನೆಗೇ ಹೋಗುತ್ತಿದ್ದರು. ಹಾಗಿದ್ದಲ್ಲಿ ಅರ್ಜಿಯ ಪ್ರತಿ ಆಡಳಿತಾಧಿಕಾರಿಗೆ ಹೋಗಬೇಕು.

ಇನ್ನು ವಾಟ್ಸ್ಆ್ಯಪ್ ವಿಷಯ. ಅರ್ಜಿ ಕೊಟ್ಟ ದಿನಾಂಕ, ಸ್ವೀಕೃತಿ ಸಂಖ್ಯೆ, ಚರಂಡಿಯ ಚಿತ್ರ, ಇಷ್ಟನ್ನು ಹಾಕಿದರೆ ಯಾರೂ ತಪ್ಪೆನ್ನಲಾರರು. ‘ಗುತ್ತಿಗೆದಾರನಿಂದ ತಿಂದಿದ್ದಾರೆ’ ಎಂಬಂಥ ಮಾತನ್ನು ಪುರಾವೆಯಿಲ್ಲದೆ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟದ ಮೊಕದ್ದಮೆ ಹೂಡಲು ಅವರಿಗೆ ದಾರಿಯಾಗುತ್ತದೆ. ಆಮೇಲೆ ನೀವು ಚರಂಡಿಯನ್ನು ಬಿಟ್ಟು ನ್ಯಾಯಾಲಯಕ್ಕೆ ಅಲೆಯಬೇಕಾದೀತು.