ಓದುಗರ ಪ್ರಶ್ನೆ: ಜಾತ್ರೆಯ ಸಾಲನ್ನು ಎಲ್ಲಿ ತಡೆಯಬೇಕು?

ಪ್ರಶ್ನೆ: ನಮ್ಮೂರ ತೇರಿನ ದಿನ ದರ್ಶನಕ್ಕೆ ಹತ್ತು ಸಾವಿರ ಜನ ಸೇರುತ್ತಾರೆ. ದೇವಸ್ಥಾನದ ಬಾಗಿಲಲ್ಲಿ ಪ್ರತಿವರ್ಷ ನೂಕುನುಗ್ಗಲು. ಸ್ವಯಂಸೇವಕರನ್ನು 20ರಿಂದ 40ಕ್ಕೆ ಏರಿಸಿದೆವು, ಕಡಿಮೆಯಾಗಲಿಲ್ಲ.
– ಜಾತ್ರಾ ಸಮಿತಿಯ ಸದಸ್ಯರೊಬ್ಬರು

ಉತ್ತರ: ಅವರನ್ನು ನಿಲ್ಲಿಸಿದ ಜಾಗ ಸರಿಯಿಲ್ಲ. ಬಾಗಿಲಲ್ಲಿ ಮುಂದಿನವರನ್ನು ತಡೆದರೆ ಹಿಂದಿದ್ದವರಿಗೆ ಅದು ಗೊತ್ತಾಗುವುದೇ ಇಲ್ಲ. ಅವರು ಒತ್ತುತ್ತಲೇ ಇರುತ್ತಾರೆ, ನಡುವೆ ಸಿಕ್ಕಿದವರು ನಲುಗುತ್ತಾರೆ.

ಮೊದಲು ಗಡಿಯಾರ ಹಿಡಿದು ಎಣಿಸಿ. ಗರ್ಭಗುಡಿಯ ಮುಂದೆ ಒಬ್ಬರಿಗೆ ಎರಡು ಸೆಕೆಂಡು ಎಂದರೆ ನಿಮಿಷಕ್ಕೆ 30, ಗಂಟೆಗೆ 1,800 ಮಂದಿ. ಹತ್ತು ಸಾವಿರಕ್ಕೆ ಐದೂವರೆ ಗಂಟೆ ಬೇಕೇ ಬೇಕು. ಎಷ್ಟು ತಳ್ಳಿದರೂ ಈ ಲೆಕ್ಕ ಬದಲಾಗದು. ಆದ್ದರಿಂದ ಜನರನ್ನು ದೂರದಲ್ಲೇ, ಶಾಲೆಯ ಮೈದಾನದಂಥ ಬಯಲಲ್ಲಿ ನೆರಳು, ನೀರು ಕೊಟ್ಟು ಕೂರಿಸಿ. ಅಲ್ಲಿಂದ 200 ಜನರ ಗುಂಪನ್ನು ಬಿಡಿ. ಆ ಗುಂಪು ಕರಗಲು ಸುಮಾರು ಏಳು ನಿಮಿಷ ಬೇಕು, ಅಲ್ಲಿಯವರೆಗೆ ಮತ್ತೊಂದನ್ನು ಬಿಡಬೇಡಿ. ಹೆಚ್ಚಿನ ಸ್ವಯಂಸೇವಕರು ಈ ಮೈದಾನದ ತುದಿಯಲ್ಲಿರಲಿ. "ಇಲ್ಲಿಂದ ದರ್ಶನಕ್ಕೆ ಎರಡು ಗಂಟೆ" ಎಂದು ಮೈಕಿನಲ್ಲಿ ನಿಜ ಹೇಳಿ. ಎಷ್ಟು ಹೊತ್ತು ಎಂದು ತಿಳಿಯದಿದ್ದಾಗಲೇ ಜನ ಚಡಪಡಿಸುವುದು.

ದಟ್ಟಣೆ ಅಳೆಯಲು ಹಿಂದಿನ ದಿನವೇ ಬೀದಿಯಲ್ಲಿ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಚೌಕವನ್ನು ಸುಣ್ಣದಲ್ಲಿ ಬರೆದು ಹದಿನಾರು ಜನರನ್ನು ನಿಲ್ಲಿಸಿ ನೋಡಿ. ಚದರ ಮೀಟರಿಗೆ ನಾಲ್ವರು. ಹಬ್ಬದ ದಿನ ಮಾಳಿಗೆ ಮೇಲಿನ ಒಬ್ಬರು ಇದಕ್ಕಿಂತ ದಟ್ಟವಾಯಿತೆಂದು ಹೇಳಿದ ಕೂಡಲೇ ಮೈದಾನದ ಬಾಗಿಲು ಮುಚ್ಚಲಿ. ಚದರ ಮೀಟರಿಗೆ ಐದಾರು ಮಂದಿಯಾದರೆ ಯಾರೂ ತಮ್ಮ ಇಷ್ಟದಂತೆ ಹೆಜ್ಜೆಯಿಡಲಾರರು. ಗುಂಪೇ ಅವರನ್ನು ಅತ್ತಿತ್ತ ಒಯ್ಯುತ್ತದೆ.

ಬೊಂಬಿನ ಸಾಲನ್ನು ಹಗ್ಗದಿಂದ ಬಿಗಿದು ಮುಚ್ಚಿಬಿಡುವುದು ದೊಡ್ಡ ತಪ್ಪು. ಪ್ರತಿ ಹತ್ತು ಮೀಟರಿಗೆ, ಬೀಗವಿಲ್ಲದೆ ಒಬ್ಬರೇ ತೆರೆಯಬಹುದಾದ ತೆರಪು ಇರಲಿ. ಕಬ್ಬಿಣದ ಬ್ಯಾರಿಕೇಡಿಗೆ ದೀಪದ ವೈರ್ ಸುತ್ತಲೇಬೇಡಿ. 2023ರಲ್ಲಿ ಹಾಸನಾಂಬ ದೇವಸ್ಥಾನದ ಸಾಲಿನಲ್ಲಿ ವಿದ್ಯುತ್ ತಗುಲಿ, ಜನ ಗಾಬರಿಯಿಂದ ಓಡಿ ಹಲವರು ಗಾಯಗೊಂಡರು. ಬಂದ ದಾರಿಯಲ್ಲೇ ವಾಪಸ್ ಕಳಿಸಬೇಡಿ. ಪ್ರಸಾದ, ಚಪ್ಪಲಿಯ ಜಾಗ ಹೊರಬಾಗಿಲಿನಿಂದ ದೂರವಿರಲಿ, ಇಲ್ಲವೆಂದರೆ ಅಲ್ಲೇ ಇನ್ನೊಂದು ಗುಂಪು ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ತೀರಿಕೊಂಡದ್ದನ್ನು ಕಾಲ್ತುಳಿತ ಎಂದರು. ಜನ ತುಳಿತದಿಂದಲೇ ಸಾಯುತ್ತಾರೆಯೇ? ಸಿಕ್ಕಿಕೊಂಡರೆ ಏನು ಮಾಡಬೇಕು?

ಉತ್ತರ: ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ಉಸಿರುಗಟ್ಟಿ, ಕೆಲವರು ನಿಂತಲ್ಲೇ. ಎದೆ ಹಿಗ್ಗಲು ಜಾಗ ಸಿಗದಷ್ಟು ಒತ್ತಡ ಬೀಳುತ್ತದೆ. "ಕಾಲ್ತುಳಿತ" ಎಂಬ ಮಾತು ತಪ್ಪನ್ನೆಲ್ಲ ಜನರ ಮೇಲೆ ಹೊರಿಸುತ್ತದೆ, ಅದು ನಮಗೆ ಒಪ್ಪಿಗೆಯಿಲ್ಲ.

ಭುಜಕ್ಕೆ ಭುಜ ತಾಗಿ, ಕೈ ಎತ್ತುವುದೂ ಕಷ್ಟವೆನಿಸುವ ಮೊದಲೇ ಹೊರಬನ್ನಿ. ಆಗಲೇ ಸಿಕ್ಕಿಕೊಂಡಿದ್ದರೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡಹಿಡಿದು ಉಸಿರಿಗೆ ನಾಲ್ಕು ಬೆರಳಿನಷ್ಟು ಜಾಗ ಉಳಿಸಿಕೊಳ್ಳಿ. ಮೊಬೈಲ್ ಬಿದ್ದರೂ ಬಗ್ಗಬೇಡಿ. ಜನರ ನೂಕಿನ ಅಲೆಗೆ ಎದುರಾಗಿ ತಳ್ಳದೆ, ಅದು ತಗ್ಗಿದಾಗ ಓರೆಯಾಗಿ ಅಂಚಿಗೆ ಸರಿಯಿರಿ. ಗೋಡೆ, ಕಂಬಗಳಿಂದ ದೂರವಿರಿ. ಮಗುವನ್ನು ಕೆಳಗೆ ಬಿಡದೆ ಮೇಲಕ್ಕೆತ್ತಿಕೊಳ್ಳಿ. ಬಿದ್ದರೆ, ಏಳಲಾಗದಿದ್ದರೆ ಪಕ್ಕಕ್ಕೆ ಹೊರಳಿ ಮುದುಡಿ, ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳಿ.